ಪಟ್ಟಿಯಲ್ಲಿ ಹತ್ತನೆಯದು

ಜನವರಿ 7, ಭಾನುವಾರ

ಲಿಫ್ಟ್ ಮೆಕ್ಯಾನಿಕ್ ಬಂದು ಹೋಗಿ ಮೂರು ದಿನವಾಯಿತು. ಅವನ ಹೆಂಡತಿ ನನ್ನ ಒಡಹುಟ್ಟಿದವಳು, ನನಗಿಂತ ಆರು ವರ್ಷ ಚಿಕ್ಕವಳು. ಹತ್ತೊಂಬತ್ತು ವರ್ಷದಿಂದ ನಮ್ಮ ನಡುವೆ ಮಾತಿಲ್ಲ. ಅಷ್ಟು ವರ್ಷವೂ ಅವನು ನನ್ನ ಮನೆಯ ಮೆಟ್ಟಿಲು ಹತ್ತಿದವನಲ್ಲ. ಗುರುವಾರ ಸಂಜೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ನನ್ನ ಮುಖ ಒಂದನ್ನು ಬಿಟ್ಟು ಕೋಣೆಯಲ್ಲಿದ್ದ ಬೇರೆಲ್ಲವನ್ನೂ ನೋಡುತ್ತ ಹೇಳಿದ.

"ಅಕ್ಕ, ಅವಳ ಎರಡೂ ಕಿಡ್ನಿ ಹೋಗಿವೆ. ಎಂಟು ತಿಂಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ನನ್ನದು ಹೊಂದಲಿಲ್ಲ. ಮಗಳದ್ದು ಬೇಡವೇ ಬೇಡ ಅಂತ ಹಟ ಹಿಡಿದಿದಾಳೆ."

"ನನ್ನನ್ನ ಕೇಳು ಅಂತ ಅವಳು ಹೇಳಿದ್ಲಾ?"

"ಇಲ್ಲ. ನಾನಿಲ್ಲಿಗೆ ಬಂದಿರೋದೇ ಅವಳಿಗೆ ಗೊತ್ತಿಲ್ಲ."

ಯೋಚಿಸಿ ಹೇಳುತ್ತೇನೆ ಎಂದೆ. ಹೊರಟವನು ನಮ್ಮ ಕಟ್ಟಡದ ಲಿಫ್ಟಿನ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ ನೋಡಿ, "ಇದರ ರೋಲರ್ ಸವೆದಿದೆ, ಯಾರಿಗಾದ್ರೂ ಹೇಳಿ" ಎಂದ.

ಮಾತು ನಿಂತ ಕಾರಣವನ್ನು ಒಮ್ಮೆ ಬರೆದುಬಿಡುತ್ತೇನೆ, ಮತ್ತೆ ಬರೆಯುವ ಅಗತ್ಯ ಬೀಳದಿರಲಿ. ನನ್ನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಬಾಯಿಯ ಅಚ್ಚು ತೆಗೆಯುತ್ತಾರೆ. ಹಿಂದಿನ ಕೋಣೆಯಲ್ಲಿ ನಾನು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ಮಾಡಿ, ಹಲ್ಲು ಕೂರಿಸುತ್ತೇನೆ. ಇಪ್ಪತ್ತೆಂಟು ವರ್ಷವಾಯಿತು. ಒಡಹುಟ್ಟಿದವಳಿಗೆ ಮಗು ಹುಟ್ಟಿದ ದಿನ ಕೆಲಸ ಮುಗಿಸಿಕೊಂಡು ನೇರ ಆಸ್ಪತ್ರೆಗೆ ಹೋದೆ. ಎತ್ತಿಕೊಳ್ಳಲು ಕೈ ಚಾಚಿದೆ. ಆಕೆ ಮಗುವನ್ನು ಎದೆಗೆ ಎಳೆದುಕೊಂಡು, ಕೋಣೆಯ ತುಂಬ ಗಂಡನ ಕಡೆಯವರು ಕೂತಿರುವಾಗ, "ಬೇಡ ಅಕ್ಕ, ಊರವರ ಎಂಜಲಲ್ಲಿ ಅದ್ದಿದ ಕೈ ಅದು" ಎಂದಳು. ಯಾರೋ ನಕ್ಕರು. ತಂದಿದ್ದ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಬಂದೆ. ಇಷ್ಟೇ.

ಇವತ್ತು ಬೆಳಿಗ್ಗೆ ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ಧ್ಯಾನದ ತರಗತಿಗೆ ಸೇರಿದೆ. 'ದೇಹದ ಮೂವತ್ತೆರಡು ಭಾಗಗಳ ಧ್ಯಾನ, ಹನ್ನೆರಡು ವಾರ' ಎಂಬ ಬೋರ್ಡನ್ನು ದಾರಿಯಲ್ಲಿ ನೋಡುತ್ತಲೇ ಇದ್ದೆ. ಬೇರೆ ಕಾಲವಾಗಿದ್ದರೆ ಒಳಗೆ ಹೋಗುತ್ತಿರಲಿಲ್ಲ. ಕಲಿಸುವವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನಾವು ಎಂಟು ಜನ.

"ಇದು ಬಹಳ ಹಳೇದು" ಎಂದರು ಮೇಷ್ಟ್ರು. "ಪ್ರಾಚೀನ ಭಾರತದಲ್ಲಿ ಬೌದ್ಧ ಭಿಕ್ಷುಗಳು ಮೂವತ್ತೆರಡು ಅಂತ ಎಣಿಸ್ತಿದ್ರು. ಜೈನ ಮುನಿಗಳೂ ಈ ಮೈಯೊಳಗೆ ಏನೇನು ತುಂಬಿದೆ ಅಂತ ಒಂದೊಂದೇ ನೆನೆಸ್ತಿದ್ರು. ಎಣಿಕೆ ಬೇರೆ, ಕೆಲಸ ಒಂದೇ. ಎರಡು ಬಾಯಿರೋ ಚೀಲ, ತುಂಬ ಕಾಳು. ಬಿಚ್ಚಿ ನೋಡ್ತೀರಿ. ಇದು ಅಕ್ಕಿ, ಇದು ಹೆಸರು, ಇದು ಎಳ್ಳು. ಎಳ್ಳು ನೋಡಿ ಯಾರೂ ಅಳಲ್ಲ, ಅಕ್ಕಿ ನೋಡಿ ಯಾರೂ ಮೈಮರೆಯಲ್ಲ. ಹಾಗೆ ನೋಡೋದು."

ಮೊದಲ ಎರಡು ವಾರಕ್ಕೆ ಐದು: ಕೂದಲು, ರೋಮ, ಉಗುರು, ಹಲ್ಲು, ಚರ್ಮ. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಹೇಳಬೇಕು. ಒಂದೊಂದರ ಬಣ್ಣವೇನು, ಆಕಾರವೇನು, ಎಲ್ಲಿದೆ, ಎಲ್ಲಿಗೆ ಮುಗಿಯುತ್ತದೆ ಎಂದು ನೋಡಬೇಕು. ಕಂಡದ್ದನ್ನು ಬರೆದಿಡಿ, ಯಾರಿಗೂ ತೋರಿಸಬೇಡಿ ಎಂದರು. ಅದಕ್ಕೇ ಈ ಪುಸ್ತಕ.

ನನಗೆ ಇದು ಹಿಡಿಸಿತು. ಒಂದು ಚೀಲದ ಕಾಳು ಇನ್ನೊಂದು ಚೀಲಕ್ಕೆ ಹೋಗುತ್ತದೆ. ಅದರಲ್ಲಿ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ನಾಳೆ ಲಿಫ್ಟ್ ಮೆಕ್ಯಾನಿಕನಿಗೆ ಫೋನ್ ಮಾಡಿ ಪರೀಕ್ಷೆಗೆ ಬರುತ್ತೇನೆ ಎನ್ನಬೇಕು. ಒಂದೇ ಷರತ್ತು. ಆಕೆಯ ಮುಖ ನೋಡುವ ಹಾಗೆ ಆಗಬಾರದು.

ಜನವರಿ 10, ಬುಧವಾರ

ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಐದು ನಿಮಿಷ ನೋಡಿದೆ. ತಲೆಯ ಮೇಲಿದ್ದಾಗ ಎಣ್ಣೆ, ನೀರು, ಆರೈಕೆ. ಕೆಳಗೆ ಬಿದ್ದ ಮರುಕ್ಷಣ ಕಸ. ಕೂದಲು ಬದಲಾಗಿಲ್ಲ, ಜಾಗ ಬದಲಾಯಿತು.

ಮಧ್ಯಾಹ್ನ ಕ್ಲಾರಿನೆಟ್ ಊದುವ ಮುದುಕರು ಸೆಟ್ಟು ಹಿಡಿದುಕೊಂಡು ಬಂದರು. ಊದಿದರೆ ಪಕ್ಕದಿಂದ ಶಿಳ್ಳೆ ಬರುತ್ತದಂತೆ. "ಈ ಹಲ್ಲು ನನ್ನದು ಅಂತ ಅನ್ನಿಸೋದೇ ಇಲ್ಲ ಕಣಮ್ಮ" ಎಂದರು. "ನಿಮ್ಮದಲ್ಲವಲ್ಲ, ನನ್ನದು" ಎಂದೆ. ಉಜ್ಜಿ ಕೊಟ್ಟೆ. ಶಿಳ್ಳೆ ನಿಂತಿತು.

ಜನವರಿ 16, ಮಂಗಳವಾರ

ಹನ್ನೊಂದು ಸೀಸೆ ರಕ್ತ ತೆಗೆದುಕೊಂಡರು. ಎದೆ, ಹೊಟ್ಟೆ, ರಕ್ತನಾಳ ಎಲ್ಲದರ ಚಿತ್ರ ತೆಗೆದರು. ಕಿಡ್ನಿ ಡಾಕ್ಟರು ಒಳ್ಳೆಯ ಮನುಷ್ಯ, ಅವಸರವಿಲ್ಲದೆ ಹೇಳಿದರು. ತೆಗೆಯುವುದು ಸಾಮಾನ್ಯವಾಗಿ ಎಡಗಡೆಯದನ್ನು. ಆಕೆಯ ಹಾಳಾದ ಎರಡನ್ನು ಕೀಳುವುದಿಲ್ಲ, ಅವು ಅಲ್ಲೇ ಇರುತ್ತವೆ. ಹೊಸದನ್ನು ಕೆಳಹೊಟ್ಟೆಯಲ್ಲಿ, ಮುಂದೆ, ಬಲಗಡೆ ಕೂರಿಸುತ್ತಾರೆ. ಆಕೆಗೆ ಮೂರಾಗುತ್ತವೆ, ನನಗೊಂದು.

ಆಮೇಲೆ ಒಬ್ಬ ಹೆಂಗಸು ನನ್ನನ್ನು ಒಂಟಿಯಾಗಿ ಕೂರಿಸಿಕೊಂಡು, ಯಾರಾದರೂ ಬಲವಂತ ಮಾಡಿದ್ದಾರೆಯೇ ಎಂದು ಮೂರು ಬಗೆಯಲ್ಲಿ ಕೇಳಿದಳು. ಇಲ್ಲ ಎಂದು ಮೂರು ಸಲ ಹೇಳಿದೆ.

"ರೋಗಿಗೂ ನಿಮಗೂ ಸಂಬಂಧ ಹೇಗಿದೆ?"

"ರಕ್ತಸಂಬಂಧ."

ಬರೆದುಕೊಂಡಳು.

ಜನವರಿ 28, ಭಾನುವಾರ

ಎರಡನೆಯ ಗುಂಪು ಶುರುವಾಗಿ ಒಂದು ವಾರ. ಮಾಂಸ, ನರ, ಮೂಳೆ, ಮಜ್ಜೆ, ಮೂತ್ರಪಿಂಡ. ಪಟ್ಟಿಯಲ್ಲಿ ಹತ್ತನೆಯದು ಅದು. ಮೇಷ್ಟ್ರು ಬೋರ್ಡಿನ ಮೇಲೆ ಒಂದೇ ತೊಟ್ಟಿಗೆ ಜೋತ ಎರಡು ಮಾವಿನಕಾಯಿ ಬರೆದು, "ಹಳಬರು ಇದನ್ನ ಹೀಗೆ ಕಂಡ್ರು" ಎಂದರು. ಡ್ರಾಯಿಂಗ್ ಮೇಷ್ಟ್ರಲ್ಲವೇ, ಕಾಯಿಗೆ ನೆರಳು ಕೂಡ ಹಾಕಿದರು.

ಮೆಟ್ಟಿಲಿಳಿಯುವಾಗ ಅವರನ್ನು ನಿಲ್ಲಿಸಿ ಕೇಳಿದೆ. "ಒಂದು ಕಾಯಿ ಕಿತ್ತು ಬೇರೆ ಕಡೆ ಜೋಡಿಸಿದ್ರೆ, ಧ್ಯಾನದಲ್ಲಿ ಅದನ್ನ ಯಾರದ್ದು ಅಂತ ಎಣಿಸಬೇಕು?"

ಮೇಷ್ಟ್ರು ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ನನ್ನನ್ನು ನೋಡಿದರು. "ಯಾರಿಗೆ ಕೊಡ್ತಿದೀರಿ?"

"ಒಬ್ಬರಿಗೆ."

"ಅವರ ಮೇಲೆ ಸಿಟ್ಟಿದೆಯಾ?"

"ಸಿಟ್ಟಿಲ್ಲ. ಏನೂ ಇಲ್ಲ."

"ಏನೂ ಇಲ್ಲದೋರ ಬಗ್ಗೆ ಹೀಗೆ ಯಾರೂ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಲ್ಲಮ್ಮ." ಎರಡು ಮೆಟ್ಟಿಲು ಇಳಿದು ತಿರುಗಿದರು. "ಈ ಧ್ಯಾನದಲ್ಲಿ ಎರಡು ಗುಂಡಿ ಇವೆ. ಒಂದು, ಮೈ ಕಂಡರೆ ಹೇಸಿಗೆ ಪಡೋದು. ಇನ್ನೊಂದು, ಕಲ್ಲಾಗೋದು. ಕಾಳು ಬಿಡಿಸಿ ನೋಡಿ ಅಂದದ್ದು, ಚೀಲ ಹರಿದು ಎಸೀರಿ ಅಂತಲ್ಲ."

ಮೇಷ್ಟ್ರಿಗೆ ಮಾತು ಸ್ವಲ್ಪ ಹೆಚ್ಚು.

ಫೆಬ್ರವರಿ 6, ಮಂಗಳವಾರ

ಹೊಂದುತ್ತದೆ ಎಂದು ವರದಿ ಬಂತು. ಚೆನ್ನಾಗಿಯೇ ಹೊಂದುತ್ತದಂತೆ. ಒಂದು ಗಂಟೆಯ ಮೇಲೆ ಲಿಫ್ಟ್ ಮೆಕ್ಯಾನಿಕನ ಫೋನ್. ಮನೆಯಲ್ಲಿ ವಿಷಯ ಹೇಳಿದನಂತೆ. ಆಕೆ ಬೇಡ ಎಂದಳಂತೆ.

"ಬೇಡ ಅಂದ್ರೆ?"

"ನಿಮ್ಮದು ಬೇಡವಂತೆ ಅಕ್ಕ. ಬೇರೆ ಯಾರದ್ದಾದ್ರೂ ಸಿಕ್ಕೋವರೆಗೂ ಕಾಯ್ತಾಳಂತೆ. ಏನ್ ಹೇಳಲಿ ನಾನು."

ನಾಲ್ಕು ಜನ ಡಾಕ್ಟರರು ನೋಡಿ ಚೆನ್ನಾಗಿದೆ ಎಂದ ಕಿಡ್ನಿ. ಬೇಡವಂತೆ.

ನನಗೆ ಸಿಟ್ಟೇನೂ ಬಂದಿಲ್ಲ. ಇವತ್ತು ಪಾಲಿಶ್ ಮಾಡುವಾಗ ಒಂದು ಸೆಟ್ಟು ಕೈತಪ್ಪಿ ಗೋಡೆಗೆ ಬಡಿದು ಎರಡು ಹೋಳಾಯಿತು. ಅದು ಬೇರೆ ವಿಷಯ. ಕೆಲಸದ ಮೇಜಿನ ಆರೂ ಡ್ರಾಯರುಗಳನ್ನು ಖಾಲಿ ಮಾಡಿ, ಒರೆಸಿ, ಮತ್ತೆ ಜೋಡಿಸಿದೆ. ಬಹಳ ದಿನದಿಂದ ಮಾಡಬೇಕೆಂದಿದ್ದೆ.

ಫೆಬ್ರವರಿ 9, ಶುಕ್ರವಾರ

ಮುಖ ನೋಡಬಾರದು ಎಂದಿದ್ದವಳು ನಾನೇ, ಹೋದವಳೂ ನಾನೇ. ಇದನ್ನು ಮುಗಿಸದಿದ್ದರೆ ಪರೀಕ್ಷೆಗೆ ರಜೆ ಹಾಕಿದ್ದೆಲ್ಲ ದಂಡ.

ಡಯಾಲಿಸಿಸ್ ಕೋಣೆಯಲ್ಲಿ ಹತ್ತು ಒರಗುಕುರ್ಚಿಗಳು, ಪಕ್ಕದಲ್ಲಿ ಹತ್ತು ಯಂತ್ರಗಳು. ಎಲ್ಲರ ರಕ್ತವೂ ಕೊಳವೆಯಲ್ಲಿ ಹೊರಗೆ ಬಂದು, ಸುತ್ತು ಹಾಕಿ, ಒಳಗೆ ಹೋಗುತ್ತಿತ್ತು. ಹತ್ತು ಜನರದೂ ಒಂದೇ ಬಣ್ಣ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವಳಿದ್ದಳು. ನಾನು ಗುರುತು ಹಿಡಿದದ್ದು ಮುಖದಿಂದಲ್ಲ. ಕಾಲ ಹೆಬ್ಬೆರಳನ್ನು ಪಕ್ಕದ ಬೆರಳ ಮೇಲೆ ಏರಿಸಿಕೊಂಡು ಕೂರುವುದು ಅವಳ ಚಾಳಿ. ಮುಖ ಊದಿ, ಬೂದಿಯ ಬಣ್ಣಕ್ಕೆ ತಿರುಗಿತ್ತು.

ನನ್ನನ್ನು ನೋಡಿ ಬೆಚ್ಚಲಿಲ್ಲ. "ಕೂತ್ಕೋ ಅಕ್ಕ. ನಾನಂತೂ ಏಳೋ ಹಾಗಿಲ್ಲ" ಎಂದಳು.

ಸ್ಟೂಲು ಎಳೆದುಕೊಂಡು ಕೂತೆ. "ಬೇಡ ಅಂದ್ಯಂತೆ."

"ಹ್ಞೂಂ."

"ಯಾಕೆ? ಅದೂ ಎಂಜಲಾ?"

ಅವಳು ಕಣ್ಣು ಮುಚ್ಚಿದಳು. ಯಂತ್ರ ಎರಡು ಸಲ ಕೂಗಿತು. ನರ್ಸ್ ಬಂದು ಏನೋ ಒತ್ತಿ ಹೋದಳು.

"ಆ ಮಾತು ಆಡಿದವಳು ನಾನು. ನಿನ್ನದು ತಗೊಂಡ್ರೆ, ಇರೋವರೆಗೂ ನೀನು ನನ್ನ ಹೊಟ್ಟೆಯೊಳಗೆ ಕೂತ್ಕೊಂಡು 'ಯಾಕಂದೆ, ಯಾಕಂದೆ' ಅಂತ ಕೇಳ್ತಾನೇ ಇರ್ತೀಯ. ಅದು ನನ್ನ ಕೈಲಾಗಲ್ಲ. ಇದೇ ವಾಸಿ, ವಾರಕ್ಕೆ ಮೂರೇ ದಿನ."

"ಕಿಡ್ನಿಗೆ ಬಾಯಿಲ್ಲ. ಇದ್ದಿದ್ರೆ ಅದಕ್ಕೂ ಒಂದು ಸೆಟ್ಟು ಮಾಡಿ ಕಳಿಸ್ತಿದ್ದೆ."

ಪಕ್ಕದ ಕುರ್ಚಿಯಲ್ಲಿದ್ದ ಮುದುಕ ನಕ್ಕ. ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ.

ಅವಳು ನಗಲಿಲ್ಲ. ನನ್ನ ಕೈಯ ಕಡೆ ನೋಡಿ ಹೇಳಿದಳು. "ಆವತ್ತು ನೀನು ಕೈ ಚಾಚಿದಾಗ ನಿನ್ನ ಉಗುರಿನ ಸಂದಿಯಲ್ಲೆಲ್ಲ ಕೆಂಪಗೆ ಏನೋ ಇತ್ತು. ಯಾರದೋ ಬಾಯಿಯ ಮಾಂಸ ಅಂದ್ಕೊಂಡೆ. ಹೆತ್ತು ಆರು ಗಂಟೆ ಆಗಿತ್ತು ಅಷ್ಟೇ. ತಲೆ ನೆಟ್ಟಗಿರಲಿಲ್ಲ. ಹೆದರಿ ಅಂದುಬಿಟ್ಟೆ."

"ಅದು ಮೇಣ."

"ಏನು?"

"ಮೇಣ. ಒಸಡಿನ ಬಣ್ಣದ್ದು. ಅದರಲ್ಲೇ ಹಲ್ಲು ಕೂರಿಸೋದು. ಉಗುರಿಗೆ ಸೇರಿದ್ರೆ ಎರಡು ದಿನ ಹೋಗಲ್ಲ."

"ಹೇಳಬಹುದಿತ್ತಲ್ಲ."

"ನೀನು ಕೇಳಬಹುದಿತ್ತು."

ಕೊಳವೆಯಲ್ಲಿ ಅವಳ ರಕ್ತ ಹೋಗುವುದನ್ನು ನೋಡುತ್ತ ಕೂತೆ. ಒಂದು ಸುತ್ತು ಬರಲು ಎಷ್ಟು ಹೊತ್ತು ಎಂದು ಲೆಕ್ಕ ಹಾಕಲು ನೋಡಿದೆ, ಆಗಲಿಲ್ಲ. ನಾಲ್ಕು ಗಂಟೆ ಮುಗಿದು ನರ್ಸ್ ಸೂಜಿ ತೆಗೆದಾಗ ಅವಳು ಹತ್ತಿಯನ್ನು ಒತ್ತಿ ಹಿಡಿದುಕೊಂಡು, "ಯಾವಾಗಂತೆ?" ಎಂದು ಕೇಳಿದಳು.

ಫೆಬ್ರವರಿ 10, ಶನಿವಾರ

ಉಗುರಿನ ಸಂದಿಯಲ್ಲಿ ಮೇಣವಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗೊತ್ತಿಲ್ಲದವರಿಗೆ ಹಾಗೆ ಕಾಣಬಹುದು.

ಫೆಬ್ರವರಿ 20, ಮಂಗಳವಾರ

ಆಪರೇಷನ್ನಿಗೆ ಮುಂಚೆ ಬಾಯಲ್ಲಿ ಕೀವಿರಬಾರದು, ಆಮೇಲೆ ಕೊಡುವ ಮಾತ್ರೆಗಳಿಂದ ಮೈಯ ತಡೆಯುವ ಶಕ್ತಿ ಕುಗ್ಗುತ್ತದೆ ಎಂದು ಕಿಡ್ನಿ ಡಾಕ್ಟರು ಹೇಳಿದ್ದಾರೆ. ಅವಳ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳು ಬೇರು ಕೊಳೆತು ಅಲ್ಲಾಡುತ್ತಿವೆ. ಕೀಳಲೇಬೇಕು. ನಮ್ಮ ಡಾಕ್ಟರಮ್ಮನ ಹತ್ತಿರವೇ ಬರಲಿ ಎಂದೆ. ದಿನಾ ಹೋಗಿ ಬರುವ ಜಾಗ, ನನಗೂ ಅನುಕೂಲ.

ಕಿತ್ತ ಕೂಡಲೇ ಹಾಕುವ ಸೆಟ್ಟನ್ನು ಮೊದಲೇ ಮಾಡಿಡಬೇಕು. ಹಲ್ಲಿದ್ದಾಗಲೇ ಅಚ್ಚು ತೆಗೆದು, ಪ್ಲಾಸ್ಟರಿನ ಬಾಯಿಯಲ್ಲಿ ಕೀಳಬೇಕಾದ ಹಲ್ಲುಗಳನ್ನು ಚಾಕುವಿನಿಂದ ಕತ್ತರಿಸಿ, ಆ ಜಾಗದಲ್ಲಿ ಹೊಸ ಹಲ್ಲು ಕೂರಿಸುವುದು ಕ್ರಮ. ಈ ಕೆಲಸವನ್ನು ನೂರಾರು ಸಲ ಮಾಡಿದ್ದೇನೆ.

ಅಚ್ಚಿನಿಂದ ಪ್ಲಾಸ್ಟರ್ ಬಿಡಿಸಿ ಮೇಜಿನ ಮೇಲಿಟ್ಟೆ. ಮೇಲಿನ ಸಾಲಿನ ಎಡಗಡೆಯ ಮುಂಹಲ್ಲಿನ ಮೂಲೆ ಮುರಿದಿದೆ. ಅದು ಮುರಿದಾಗ ಅವಳಿಗೆ ಎಂಟು ವರ್ಷ, ನನಗೆ ಹದಿನಾಲ್ಕು. ಆಗ ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದೆವು. ಮೆಟ್ಟಿಲ ಮೇಲಿಂದ ನನ್ನ ಕೈಗೆ ಹಾರುವ ಆಟ. ಐದನೆಯ ಮೆಟ್ಟಿಲು, ಆರನೆಯ ಮೆಟ್ಟಿಲು. ಏಳನೆಯದರಿಂದ ಹಾರಿದಾಗ, ಬರೀ ತಮಾಷೆಗೆ, ಕೊನೆಯ ಗಳಿಗೆಯಲ್ಲಿ ಕೈ ಹಿಂದಕ್ಕೆ ಎಳೆದುಕೊಂಡೆ. ಬಾಯಿಯ ತುಂಬ ರಕ್ತ. ಅಮ್ಮ ಓಡಿ ಬಂದು ಏನಾಯಿತೆಂದು ಕೇಳಿದಾಗ, "ಜಾರಿದೆ" ಎಂದಳು. ನನ್ನ ಹೆಸರು ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಈ ವಿಷಯ ನನಗೆ ಮರೆತೇಹೋಗಿತ್ತು.

ನಾಲ್ಕರಲ್ಲಿ ಮೂರನ್ನು ಕತ್ತರಿಸಿ ಟೀ ಕುಡಿಯಲು ಎದ್ದೆ. ಬಂದು ನಾಲ್ಕನೆಯದನ್ನು ಕತ್ತರಿಸಿದೆ. ಹೊಸ ಹಲ್ಲಿನ ಮೂಲೆಯನ್ನು ಅರದಲ್ಲಿ ಸ್ವಲ್ಪ ಉಜ್ಜಿ ಇಳಿಸಿದೆ. ಇದು ಕಸುಬಿನ ಪದ್ಧತಿಯೇ. ತೀರಾ ನೆಟ್ಟಗಿದ್ದರೆ ಕಟ್ಟಿದ ಹಲ್ಲು ಎಂದು ನೋಡಿದವರಿಗೆ ಗೊತ್ತಾಗುತ್ತದೆ.

ಫೆಬ್ರವರಿ 27, ಮಂಗಳವಾರ

ಕಿತ್ತದ್ದಾಯಿತು. ಸೆಟ್ಟು ಹಾಕಿದ ಮೇಲೆ ಒಂದು ಕಡೆ ಒತ್ತುತ್ತಿದೆ ಎಂದು ಡಾಕ್ಟರಮ್ಮ ನನ್ನನ್ನು ಮುಂದಿನ ಕೋಣೆಗೆ ಕರೆದರು. ಕೈಗವಸು ಹಾಕಿಕೊಂಡು ಅವಳ ಬಾಯಲ್ಲಿ ಬೆರಳಿಟ್ಟೆ.

"ಕಚ್ಚು. ಬಿಡು. ಇನ್ನೊಂದು ಸಲ ಕಚ್ಚು. ಎಲ್ಲಿ ಒತ್ತುತ್ತೆ?"

ಅವಳು ಬೆರಳಿಂದ ತೋರಿಸಿದಳು. ಹೊರಗೆ ತೆಗೆದು ಉಜ್ಜಿದೆ, ಮತ್ತೆ ಹಾಕಿದೆ. ಮೂರು ಸಲ ಹೀಗಾಯಿತು. ಎಂಜಲು, ರಕ್ತ ಎರಡೂ ಪಟ್ಟಿಯಲ್ಲಿವೆ, ತರಗತಿಯಲ್ಲಿ ಇನ್ನೂ ಅಲ್ಲಿಗೆ ಬಂದಿಲ್ಲ. ಅವುಗಳ ಬಣ್ಣ, ಆಕಾರ ನೋಡಲು ನನಗೂ ನೆನಪಾಗಲಿಲ್ಲ. ಅವಳ ಗಲ್ಲವನ್ನು ಎಡಗೈಯಲ್ಲಿ ಹಿಡಿದುಕೊಳ್ಳಬೇಕಾಗಿತ್ತು, ಆ ಕಡೆ ಗಮನವಿತ್ತು.

ಕನ್ನಡಿ ಕೊಟ್ಟೆ. ಅವಳು ತುಟಿ ಎತ್ತಿ ನೋಡಿಕೊಂಡಳು. ಆ ಮೂಲೆಯನ್ನು ನಾಲಿಗೆಯಿಂದ ಮುಟ್ಟಿ ನೋಡಿದಳು. ಮರಗಟ್ಟಿದ ಬಾಯಲ್ಲಿ ತೊದಲುತ್ತ, "ಇದನ್ನಾದ್ರೂ ಸರಿ ಮಾಡಿ ಹಾಕಬಹುದಿತ್ತು" ಎಂದಳು.

"ಹಾಕಬಹುದಿತ್ತು. ಬಿಚ್ಚು, ಬೇರೆ ಕೂರಿಸ್ತೀನಿ."

"ಬೇಡ. ಇರ್ಲಿ."

ಮಾರ್ಚ್ 10, ಭಾನುವಾರ

ಇವತ್ತು ತರಗತಿಗೆ ಹೋಗಲು ಹೊರಟು ಬಾಗಿಲು ತೆಗೆದರೆ ಒಬ್ಬ ಹುಡುಗಿ ನಿಂತಿದ್ದಾಳೆ. ಕೆಳಗಿಂದ ನಡೆದೇ ಹತ್ತಿ ಬಂ‌ದಿದ್ದಾಳೆ, ಏದುಸಿರು ಬಿಡುತ್ತಿದ್ದಾಳೆ. "ಲಿಫ್ಟ್ ಹತ್ತಬೇಡ ಅಂತ ಅಪ್ಪ ಹೇಳಿದಾರೆ, ರೋಲರ್ ಸವೆದಿದೆಯಂತೆ" ಎಂದಳು. ಆಮೇಲೆ, "ದೊಡ್ಡಮ್ಮ ಅಲ್ವಾ ನೀವು? ಅಮ್ಮನೂ ಹೀಗೇ ಬಾಗಿಲಿಗೆ ಅಡ್ಡ ನಿಂತ್ಕೊಂಡು ಮಾತಾಡಿಸ್ತಾಳೆ."

ಒಳಗೆ ಕರೆದೆ. ಹತ್ತೊಂಬತ್ತು ವರ್ಷ, ಎತ್ತರ ಅಪ್ಪನದು. ತನ್ನ ಕಿಡ್ನಿ ಕೊಡಲು ಅಮ್ಮ ಬಿಡಲಿಲ್ಲ ಎಂದು ನನ್ನ ಹತ್ತಿರ ದೂರು ಹೇಳಲು ಬಂದಿದ್ದಾಳೆ, ನಾನು ಕೊಡುತ್ತಿದ್ದೇನೆ ಎಂದು ಥ್ಯಾಂಕ್ಸ್ ಹೇಳಲೂ ಬಂದಿದ್ದಾಳೆ. ಎರಡನ್ನೂ ಒಟ್ಟಿಗೆ ಹೇಳಲು ಹೋಗಿ ಗೊಂದಲವಾಗಿ ಅತ್ತಳು. ನೀರು ಕೊಟ್ಟೆ. ಹೊರಡುವಾಗ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಕೈ ಎಲ್ಲಿಡಬೇಕೋ ತಿಳಿಯದೆ ಅವಳ ಬೆನ್ನ ಮೇಲಿಟ್ಟೆ.

ತರಗತಿ ತಪ್ಪಿತು.

ಮಾರ್ಚ್ 18, ಸೋಮವಾರ

ಆಸ್ಪತ್ರೆಯ ಹಾಸಿಗೆಯಿಂದ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಏಳಕ್ಕೆ ನನ್ನನ್ನು ಒಯ್ಯುತ್ತಾರೆ, ಒಂಬತ್ತಕ್ಕೆ ತಂಗಿಯನ್ನು.

ನಿನ್ನೆ ತರಗತಿಯಲ್ಲಿ ಕೊನೆಯ ಗುಂಪು. ಕಣ್ಣೀರು, ಮೈಯ ಜಿಡ್ಡು, ಎಂಜಲು, ಸಿಂಬಳ, ಕೀಲಿನ ನೀರು, ಮೂತ್ರ. ಇದರಲ್ಲಿ ಕಣ್ಣೀರನ್ನು ಯಾಕೆ ಸೇರಿಸಿದರು ಎಂದು ಒಬ್ಬರು ಕೇಳಿದರು. "ಹಳಬರಿಗೆ ಅದೂ ನೀರೇ" ಎಂದರು ಮೇಷ್ಟ್ರು. ನಾನು ಎರಡು ವಾರ ಬರುವುದಿಲ್ಲ ಎಂದಾಗ ಅವರು ಏನೂ ಬೋಧನೆ ಮಾಡಲಿಲ್ಲ. ಆಸ್ಪತ್ರೆಯ ದಿಂಬು ಚೆನ್ನಾಗಿರುವುದಿಲ್ಲ, ಮನೆಯದನ್ನು ತೆಗೆದುಕೊಂಡು ಹೋಗಿ ಎಂದರು. ತಂದದ್ದು ಒಳ್ಳೆಯದಾಯಿತು.

ಸಂಜೆ ತಂಗಿ ಗೋಡೆ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಮಂಚದ ತುದಿಯಲ್ಲಿ ಕೂತಳು.

"ಹೆದರಿಕೆ ಆಗ್ತಿದೆಯಾ ಅಕ್ಕ?"

"ಇಲ್ಲ. ಅದು ಬರೀ ಒಂದು ಭಾಗ. ಮೂವತ್ತೆರಡರಲ್ಲಿ ಹತ್ತನೆಯದು. ಅದು ನಾನಲ್ಲ, ನನ್ನದೂ ಅಲ್ಲ."

"ಯಾರು ಹೇಳಿದ್ದು?"

"ಮೇಷ್ಟ್ರು."

"ನಿನ್ನದಲ್ಲ ಅಂದ್ರೆ ಕೊಡ್ತಿರೋದು ಯಾರು ಮತ್ತೆ?"

ಇದನ್ನು ಮೇಷ್ಟ್ರನ್ನು ಕೇಳಬೇಕು.

ಮಾರ್ಚ್ 21, ಗುರುವಾರ

ಪೆನ್ನು ಹಿಡಿಯಲು ಇವತ್ತು ಆಯಿತು. ಕೆಮ್ಮಿದರೆ ಎಡಪಕ್ಕ ಹರಿದಂತಾಗುತ್ತದೆ. ಉಳಿದಂತೆ ಚೆನ್ನಾಗಿದ್ದೇನೆ ಎನ್ನುತ್ತಾರೆ.

ತಂಗಿಯ ಹೊಟ್ಟೆಯಲ್ಲಿ ಅದು ಕೆಲಸ ಶುರು ಮಾಡಿಲ್ಲ. ನಮ್ಮಂಥ ಜೋಡಿಯಲ್ಲಿ ಸಾಮಾನ್ಯವಾಗಿ ಆಪರೇಷನ್ ಮೇಜಿನ ಮೇಲೇ ಶುರುವಾಗುತ್ತದಂತೆ. ಎರಡು ದಿನವಾಯಿತು, ಮೂತ್ರದ ಚೀಲದಲ್ಲಿ ಒಂದು ಹನಿಯಿಲ್ಲ. "ಕೆಲವು ಸಲ ತಡವಾಗಿ ಏಳುತ್ತೆ" ಎಂದರು ಡಾಕ್ಟರು. ಏಳದೆಯೂ ಇರಬಹುದಾ ಎಂದು ಕೇಳಿದೆ. ಆ ಮಾತಿಗೆ ಅವರು ಅವಸರದಲ್ಲಿ ಉತ್ತರಿಸಿದರು. ಯಾವತ್ತೂ ಅವಸರ ಮಾಡಿದವರಲ್ಲ.

ನರ್ಸ್ ಕೇಳಿದಳು. "ಗುಬ್ಬಿ ಅಂದ್ರೆ ಯಾರು? ಎಚ್ಚರ ಆಗೋವಾಗ ಹತ್ತು ಸಲ ಕೇಳಿದ್ರಿ. ಗುಬ್ಬಿ ಎಲ್ಲಿ, ಗುಬ್ಬಿಗೆ ಹೇಳಿ, ಹಾರಬೇಡ ಅಂತ ಹೇಳಿ, ಅಂತ."

ಗೊತ್ತಿಲ್ಲ ಎಂದೆ. ಅರಿವಳಿಕೆಯಲ್ಲಿ ಜನ ಏನೇನೋ ಅನ್ನುತ್ತಾರೆ.

ಮಾರ್ಚ್ 22, ಶುಕ್ರವಾರ

ಇಲ್ಲ.

ಮತ್ತೆ ಡಯಾಲಿಸಿಸ್ ಹಾಕಿದರು. ಪಟ್ಟಿ ಹೇಳಿಕೊಳ್ಳಲು ನೋಡಿದೆ. ಹತ್ತಕ್ಕೆ ಬಂದು ನಿಲ್ಲುತ್ತದೆ. ಹಿಂದಿನಿಂದ ಶುರು ಮಾಡಿದರೂ ಹನ್ನೊಂದಕ್ಕೆ ಬಂದು ನಿಲ್ಲುತ್ತದೆ. ಹಾಳು ಸರಕು ಕೊಟ್ಟೆನೋ ಏನೋ. ನನ್ನ ಮೈಯಲ್ಲಿದ್ದಾಗ ಐವತ್ತಮೂರು ವರ್ಷ ಒಂದು ದಿನ ರಜೆ ಹಾಕಿರಲಿಲ್ಲ.

ಮಾರ್ಚ್ 23, ಶನಿವಾರ

ಮಧ್ಯಾಹ್ನ ಊಟ ಮುಂದಿಟ್ಟುಕೊಂಡು ಕೂತಿದ್ದೆ. ತಂಗಿಯ ಗಂಡ ಓಡಿ ಬಂದ. ಟೋಪಿ ತೆಗೆಯುವುದನ್ನೂ ಮರೆತಿದ್ದ. ಮಾತು ಹೊರಡದೆ ಫೋನನ್ನು ನನ್ನ ಮುಖಕ್ಕೆ ಹಿಡಿದ. ಮಂಚದ ಕೆಳಗೆ ನೇತು ಹಾಕಿದ ಪ್ಲಾಸ್ಟಿಕ್ ಚೀಲದ ಚಿತ್ರ. ತಳದಲ್ಲಿ ತಿಳಿ ಹಳದಿ ನೀರು.

"ನಲವತ್ತು ಮಿಲಿ, ಅಕ್ಕ. ನಲವತ್ತು."

"ಯಾವಾಗ?"

"ಈಗ. ಹತ್ತು ನಿಮಿಷ ಆಯ್ತು. ಬರ್ತಾನೇ ಇದೆ."

ಅವನು ಮಂಚದ ಕಂಬಿ ಹಿಡಿದುಕೊಂಡು ಅತ್ತ. ಮಗಳು ಬಂದು ಅವನನ್ನು ಹಿಡಿದುಕೊಂಡಳು, ಅವಳೂ ಅತ್ತಳು. ಆಚೆ ಮಂಚದ ಹೆಂಗಸು ಯಾರಿಗೆ ಏನಾಯಿತೋ ಎಂದು ಹೆದರಿ ನೋಡುತ್ತಿದ್ದಳು. ಮೂತ್ರ ಬಂತು ಎಂದು ಅವಳಿಗೆ ವಿವರಿಸಬೇಕಾಯಿತು. ಸಂಜೆಗೆ ಮುನ್ನೂರ ಹತ್ತು.

ಪಟ್ಟಿಯಲ್ಲಿ ಕಣ್ಣೀರು ಇಪ್ಪತ್ತೇಳನೆಯದು, ಮೂತ್ರ ಮೂವತ್ತೆರಡನೆಯದು. ನಡುವೆ ನಾಲ್ಕೇ ಇವೆ.

ಊಟ ಆರಿಹೋಗಿತ್ತು. ಹಾಗೇ ಎಲ್ಲವನ್ನೂ ತಿಂದೆ.

ಏಪ್ರಿಲ್ 14, ಭಾನುವಾರ

ಮೇಷ್ಟ್ರ ಹೊಸ ತರಗತಿ ಶುರುವಾಗಿದೆ. ಹೊರಗೆ ಕಾದಿದ್ದು ಮುಗಿದ ಮೇಲೆ ಮಾತಾಡಿಸಿದೆ.

"ಅಭ್ಯಾಸ ನಡೀತಿದೆಯಾ?" ಎಂದು ಕೇಳಿದರು.

"ನಿಂತಿದೆ. ಪುರುಸೊತ್ತಾಗಲ್ಲ. ಬೆಳಿಗ್ಗೆ ಗುಬ್ಬಿ ಫೋನ್ ಮಾಡ್ತಾಳೆ, ಎಷ್ಟು ಕುಡಿದೆ, ಎಷ್ಟು ಹೋಯ್ತು ಅಂತ ಬರ್ಕೋಬೇಕು. ಮಾತ್ರೆ ಹನ್ನೆರಡು ಥರ, ನಾನು ನೆನಪಿಸದಿದ್ರೆ ಒಂದಲ್ಲ ಒಂದು ಬಿಡ್ತಾಳೆ. ಅವಳೇ ಬರ್ಕೊಳ್ತಾಳೆ, ಆದ್ರೂ ನನ್ನ ಹತ್ರನೂ ಇರ್ಲಿ ಅಂತ."

"ಗುಬ್ಬಿ ಯಾರು?"

"ನನ್ನ ತಂಗಿ."

"ಆವತ್ತು ಒಬ್ಬರಿಗೆ ಅಂದ್ರಲ್ಲ, ಅವರಾ?"

ಹೌದು ಎಂದೆ. ನನ್ನದಲ್ಲದಿದ್ದರೆ ಕೊಟ್ಟವರು ಯಾರು ಎಂಬ ತಂಗಿಯ ಪ್ರಶ್ನೆಯನ್ನು ಕೇಳಿದೆ. ಮೇಷ್ಟ್ರು, ಅದು ತಮಗೆ ಗೊತ್ತಿದ್ದಿದ್ದರೆ ಡ್ರಾಯಿಂಗ್ ಕಲಿಸುತ್ತ ಮೂವತ್ತು ವರ್ಷ ಕಳೆಯುತ್ತಿರಲಿಲ್ಲ ಎಂದರು. ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡರು. ಎಡಪಕ್ಕ ಇನ್ನೂ ಸ್ವಲ್ಪ ಎಳೆಯುತ್ತದೆ.

ಮೇ 2, ಗುರುವಾರ

2100 ಮಿಲಿ, ಗುಬ್ಬಿಯ ನಿನ್ನೆಯ ಲೆಕ್ಕ. ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಭಾರ ಎತ್ತಬಾರದೆಂದು ಪ್ಲಾಸ್ಟರಿನ ಮೂಟೆಯನ್ನು ಡಾಕ್ಟರಮ್ಮನೇ ಎಳೆದಿಟ್ಟರು.

ಮೇ 3, ಶುಕ್ರವಾರ

2250. ಊಟ ಸೇರುತ್ತಿದೆಯಂತೆ.

ಮೇ 4, ಶನಿವಾರ

1300.

ಯಾಕೆ ಎಂದು ಕೇಳಿದೆ. ನಿನ್ನೆ ಬಸ್ಸಿನಲ್ಲಿ ಬಟ್ಟೆ ಅಂಗಡಿಗೆ ಹೋಗಿದ್ದಳಂತೆ. ದಾರಿಯಲ್ಲಿ ಇಳಿಯಬೇಕಾಗುತ್ತದೆ ಎಂದು ಬೆಳಗಿನಿಂದ ನೀರೇ ಕುಡಿದಿರಲಿಲ್ಲವಂತೆ.

"ಒಣಗಿಸ್ತೀಯಾ ನನ್ನ ಕಿಡ್ನೀನ? ಇದಕ್ಕೇನಾ ಕೊಟ್ಟಿದ್ದು ನಾನು?"

"ನಿನ್ನದಲ್ಲ ಅದು. ನನ್ನದು. ಕೊಟ್ಟ ಮೇಲೆ ಮುಗೀತು. ದಿನಾ ಬೆಳಿಗ್ಗೆ ಲೆಕ್ಕ ಒಪ್ಪಿಸೋಕೆ ನಾನೇನು ಸ್ಕೂಲ್ ಹುಡುಗೀನಾ?"

"ಒಪ್ಪಿಸಬೇಡ ಹೋಗು. ನನಗೇನು ಗಂಟು ಹೋಗೋದು?"

ಫೋನ್ ಇಟ್ಟಳು. ನಾನೂ ಇಟ್ಟೆ. ಇನ್ನು ನಾನಾಗಿ ಮಾಡುವುದಿಲ್ಲ ಎಂದು ನಿರ್ಧರಿಸಿದೆ. ಮಧ್ಯಾಹ್ನ ಎರಡು ಸೆಟ್ಟು ಮುಗಿಸಿದೆ, ಎರಡೂ ಚೆನ್ನಾಗಿ ಬಂದವು.

ಸಂಜೆ ಆರಕ್ಕೆ ಅವಳೇ ಫೋನ್ ಮಾಡಿದಳು. ಹಲೋ ಕೂಡ ಹೇಳಲಿಲ್ಲ. "ಬೆಳಗಿಂದ ಸಾವಿರದ ಐನೂರು. ಬರ್ಕೋ" ಎಂದಳು.

ಬರೆದುಕೊಂಡೆ.